ಸೂರಿನಲ್ಲಿ ಹೆಪ್ಪುಗಟ್ಟುವ ನೀರು

ನಮ್ಮಲ್ಲಿ ಅನೇಕ ಗೃಹಸ್ಥರ ಮಕ್ಕಳು ಈಗ ಶೀತದೇಶಗಳಲ್ಲಿ ಸ್ವಂತ ಮನೆಗಳನ್ನು ಕೊಂಡು ನೆಲಸಿರುವರು. ಅವರನ್ನು ನೋಡಲು ಹೋಗುವ ತಾಯಿತಂದೆಗಳು ಅಲ್ಲಿಯ ಚಳಿಯ ವಿಷಯವನ್ನು ಕೇಳಿ ಬಲ್ಲರೇ ಹೊರತು, ಆ ಚಳಿಯಿಂದ ಮನೆಗೆ ಒದಗುವ ಅಪಾಯವನ್ನು ಅರಿಯರು. ನಾನೂ ಅರಿತಿರಲಿಲ್ಲ. ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದು ಕಲಿತುದನ್ನು ವಾಚಕರ ಮುಂದಿಡುವೆನು.

ಅಲ್ಲಿ ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣಮಾನವು ಶೂನ್ಯಕ್ಕಿಂತ ೧೫ ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿಯುವುದು ಸಾಮಾನ್ಯ. ಪ್ರತಿ ಮನೆಯ ಸೂರಿನುದ್ದಕ್ಕೂ ಸಾಧಾರಣವಾಗಿ ಒಂದು ತಗಡಿನ ದೋಣಿಯಿರುವುದು. ನಮ್ಮ ಮಲೆನಾಡಿನ ಅಡಕೆಮರದ ದಂಬೆಯ ಕೆಲಸವೇ ಅದರದು. ಅದರಲ್ಲಿ ಕೂಡಿದ ನೀರು ಗೋಡೆಗೆ ಬಿಗಿದ ಕೊಳವೆಯ ಮೂಲಕ ನೆಲಕ್ಕಿಳಿಯುವುದು. ಒಂದು ಬೆಳಗ್ಗೆ ನೋಡಲಾಗಿ, ದೋಣಿಯು ಮಂಜುಗಡ್ಡೆಯಿಂದ ತುಂಬಿ, ಮೊಳದುದ್ದದ ಹಿಮದ ಕೋಲುಗಳು ಸೂರಿನಿಂದ ಜೋಲುತ್ತಿದ್ದುವು. ಮೊಮ್ಮಕ್ಕಳಂತೆ ನಾನೂ ಆ ನೋಟಕ್ಕೆ ಹಿಗ್ಗಿದೆನು. ಮೂರನೆಯ ದಿನ ಮಕ್ಕಳು ಮಲಗುವ ಕೋಣೆಯ ಒಳಛಾವಣಿಯಿಂದ ನೀರು ತೊಟ್ಟಿಕ್ಕತೊಡಗಿತು.

ಮಗನು ಸುತ್ತಿಗೆಯನ್ನು ಹಿಡಿದು ಏಣಿಯನ್ನು ತಂದನು. ನಾನು ಕುದಿನೀರಿನ ಪಾತ್ರೆಯನ್ನು ತಂದೆನು. ನೆರೆಮನೆಯ ವೃದ್ಧ ಬಡಗಿಯೊಬ್ಬರು ಓಡಿಬಂದು ಮಗನನ್ನು ತಡೆದರು: "ಗಡ್ಡೆಯೊಡನೆ ಮಾಡೂ ಒಡೆಯುವುದು; ಏಣಿ ಜಾರಿದರೆ ನಿನ್ನ ಸೊಂಟವೂ ಮುರಿಯುವುದು" ಎಂದರು. ಅಷ್ಟರಲ್ಲಿ ನಾನು ಕೊಳವೆಯ ಮೇಲೆಲ್ಲ ಕುದಿನೀರನ್ನು ಸುರಿದಾಗಿತ್ತು. ಅದು ಮೆಟ್ಟಿಲಿನ ಬಳಿ ಹರಿದು ಗಾಜಿನಂತೆ ಹೆಪ್ಪುಗಟ್ಟಿತು. ಸಂಜೆ ಕೆಲಸದಿಂದ ಮರಳಿದ ಸೊಸೆಯು ಅಲ್ಲಿಯೇ ಜಾರಿಬಿದ್ದು ಮಣಿಕಟ್ಟನ್ನು ನೋಯಿಸಿಕೊಂಡಳು. ಅವಳು ನನಗೆ ಒಂದು ಮಾತನ್ನೂ ಆಡಲಿಲ್ಲ. ಅದೇ ನನಗೆ ದೊಡ್ಡ ದಂಡನೆಯಾಯಿತು.

ಹೊರಗೆ ಎಲ್ಲವೂ ಹೆಪ್ಪುಗಟ್ಟಿರಲು ಒಳಗೆ ನೀರು ಸೋರುವುದೆಂತು? ಆ ಬಡಗಿಯವರು ಅದರ ಮರ್ಮವನ್ನು ತಿಳಿಸಿದರು. ಮನೆಯೊಳಗಿನ ಕಾವು ಸಂದುಗಳಿಂದ ಅಟ್ಟಕ್ಕೇರಿ ಮಾಡನ್ನು ಬೆಚ್ಚಗೆ ಮಾಡುವುದು. ಅದರಿಂದ ಹಿಮದ ಅಡಿಪದರವು ಕರಗಿ ಕೆಳಗೆ ಹರಿಯುವುದು. ಗೋಡೆಯಿಂದ ಹೊರಚಾಚಿದ ಸೂರಿಗೆ ಆ ಕಾವು ಮುಟ್ಟದಾದಕಾರಣ, ನೀರು ಅಲ್ಲಿ ಮರಳಿ ಹೆಪ್ಪುಗಟ್ಟಿ ಅಣೆಕಟ್ಟಿನಂತೆ ಬೆಳೆಯುವುದು. ಹಿಂದೆ ನಿಂತ ನೀರು ಮಾಡಿಗೆ ಹೊದಿಸಿದ ಡಾಂಬರು ಬಿಲ್ಲೆಗಳ ಸಂದಿನಲ್ಲಿ ನುಗ್ಗಿ ಒಳಕ್ಕಿಳಿಯುವುದು. ಆ ಬಿಲ್ಲೆಗಳು ಹರಿಯುವ ನೀರನ್ನು ತಡೆಯಬಲ್ಲುವು. ನಿಂತ ನೀರನ್ನು ತಡೆಯಲಾರವು.

ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು ೯ ಪಾಲು ಹಿಗ್ಗುವುದರಿಂದ ಕೊಳವೆಯು ಸೀಳುವುದೂ ಉಂಟು. ೧೦ ಮೀಟರ್ ಉದ್ದ, ೧೨ ಸೆಂಟಿಮೀಟರ್ ಅಗಲ, ೧೦ ಸೆಂಟಿಮೀಟರ್ ಆಳದ ದೋಣಿಯು ಗಡ್ಡೆಯಿಂದ ತುಂಬಿದರೆ ಅದರ ಭಾರವು ಸುಮಾರು ೧೧೦ ಕಿಲೋಗ್ರಾಂ ಆಗುವುದು. ಇಂಥ ಭಾರಕ್ಕೆ ದೋಣಿಯ ಮೊಳೆಗಳು ಕಿತ್ತುಬರುವುದು ಆಶ್ಚರ್ಯವಲ್ಲ.

ಒಡನೆ ಮಾಡತಕ್ಕ ಉಪಾಯಗಳು ಇವು. ನೆಲದ ಮೇಲೆಯೇ ನಿಂತು, ಉದ್ದ ಹಿಡಿಯ ಹಿಮಗೋರೆಯಿಂದ ಸೂರಿನ ಅಂಚಿನ ಒಂದೂವರೆ ಮೀಟರ್‌ನಷ್ಟು ಹಿಮವನ್ನು ಎಳೆದುಹಾಕಬೇಕು. ಹತ್ತಿರ ವಿದ್ಯುತ್ ತಂತಿಯಿದ್ದಲ್ಲಿ ಈ ಕೆಲಸಕ್ಕೆ ಕೈಹಾಕಕೂಡದು. ಜೋಲುವ ಹಿಮದ ಕೋಲುಗಳ ಕೆಳಗೆ ನಿಲ್ಲಕೂಡದು. ನೀಳವಾದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹರಳುಗಳನ್ನು ತುಂಬಿ, ಗಡ್ಡೆಗೆ ಅಡ್ಡವಾಗಿ ದೋಣಿಯ ಹೊರಗೆ ಇಳಿಬೀಳುವಂತೆ ಇರಿಸಿದರೆ, ಗಡ್ಡೆಯಲ್ಲಿ ಕಾಲುವೆಯೊಂದು ಕೊರೆದು ನೀರಿಗೆ ದಾರಿಯಾಗುವುದು. ಏಣಿ ಹತ್ತಬೇಕಾದ ಕೆಲಸವಾದ್ದರಿಂದ ಇದನ್ನು ನುರಿತವರಿಂದಲೇ ಮಾಡಿಸಬೇಕು. ಅಡಿಗೆಯ ಉಪ್ಪು ಸಲ್ಲದು. ಅದು ಲೋಹವನ್ನು ತಿನ್ನುವುದು, ಗಿಡಗಳನ್ನು ಕೊಲ್ಲುವುದು. ಬೆಂಕಿಯ ಜ್ವಾಲೆಯನ್ನಂತೂ ಹಿಡಿಯಲೇಕೂಡದು. ಸೋರುವುದು ಹೆಚ್ಚಿದರೆ ಆವಿಯಿಂದ ಗಡ್ಡೆಯನ್ನು ಕರಗಿಸುವ ಕಸಬಿನವರನ್ನು ಕರೆಯಬೇಕು. ನಾವೂ ಅವರನ್ನೇ ಕರೆದೆವು.

ಆದರೆ ಇವೆಲ್ಲವೂ ತಾತ್ಕಾಲಿಕ ಶಮನಗಳು. ರೋಗಕ್ಕೆ ನಿದಾನಪರಿವರ್ಜನವೇ, ಎಂದರೆ ಕಾರಣವನ್ನು ದೂರಮಾಡುವುದೇ, ಮೊದಲ ಚಿಕಿತ್ಸೆಯೆಂದು ನಮ್ಮ ಆಯುರ್ವೇದವು ಹೇಳುವುದಷ್ಟೆ? ಇಲ್ಲಿಯೂ ಹಾಗೆಯೇ. ಎಲೆಯುದುರುವ ಕಾಲ ಮುಗಿದೊಡನೆ ದೋಣಿ ಕೊಳವೆಗಳ ಕಸವನ್ನು ತೆಗೆಸಿ, ನೀರು ಬಿಟ್ಟು ನೋಡಬೇಕು. ಕೊಳವೆಯ ಬಾಯಿಯು ಗೋಡೆಯಿಂದಲೂ ನಡೆಯುವ ದಾರಿಯಿಂದಲೂ ದೂರವಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಅಟ್ಟ. ದೀಪದ ರಂಧ್ರ, ಕೊಳವೆಗಳ ಸಂದು, ಅಟ್ಟದ ಬಾಗಿಲು, ಇವುಗಳಿಂದ ಕಾವು ಏರದಂತೆ ಮುಚ್ಚಿಸಿ, ಅದರ ಮೇಲೆ ಗಾಜಿನ ಉಣ್ಣೆಯಂಥ ಶಾಖನಿರೋಧಕವನ್ನು ದಪ್ಪನಾಗಿ ಹಾಸಬೇಕು. ಸೂರಿನಿಂದ ಹೊಕ್ಕು ಮಾಡಿನ ನೆತ್ತಿಯಿಂದ ಹೊರಡುವಂತೆ ಗಾಳಿಗೆ ದಾರಿಯಿರಬೇಕು. ಅಟ್ಟವು ತಣ್ಣಗಿದ್ದರೆ ಹಿಮವು ಅಷ್ಟಾಗಿ ಕರಗದು, ಅಣೆಕಟ್ಟೂ ಕಟ್ಟದು. ಸೂರಿಗೆ ಬಿಗಿಯುವ ವಿದ್ಯುತ್ ತಂತಿಗಳು ದೋಣಿಯಲ್ಲಿ ದಾರಿಯನ್ನು ತೆರೆದಿಡುವುವಾದರೂ, ಈ ಮೂಲಕಾರಣವನ್ನು ಅವು ಮುಟ್ಟುವುದಿಲ್ಲ.

ಬೇಸಗೆಯಲ್ಲಿ ಮಗನು ಇವೆಲ್ಲವನ್ನೂ ಮಾಡಿಸಿದನು. ಮರುವರ್ಷದ ಚಳಿಗಾಲದಲ್ಲಿ, ನೆರೆಯ ಮಾಡುಗಳಲ್ಲಿ ಅಲ್ಲಲ್ಲಿ ಕರಗಿದ್ದ ಹಿಮವು ನಮ್ಮ ಮಾಡಿನ ಮೇಲೆ ಒಂದೇ ಸಮನಾಗಿ ನಿಂತಿತ್ತೆಂದು ಸೊಸೆಯು ದೂರವಾಣಿಯಲ್ಲಿ ತಿಳಿಸಿದಳು. ಕಾವು ಪೋಲಾಗುತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಸೂರಿನಲ್ಲಿ ಈ ಸಲ ಹಿಮದ ಕೋಲುಗಳೇ ಇಲ್ಲವೆಂದು ಮೊಮ್ಮಗನು ಮಾತ್ರ ನನ್ನೊಡನೆ ಗೋಳಾಡಿಕೊಂಡನು.