ಬಾವಿ ನೀರು ಉಪ್ಪಾಯ್ತಾ? ಈ ಗಿಡ ನೆಡಿ

ಬೇಸಿಗೆ ಬಂತು ಅಂದ್ರೆ
ನಿಮ್ಮ ಬಾವಿ ನೀರು ಉಪ್ಪಾಗುತ್ತಾ?
ಗಿಡಗಳ ಎಲೆ ಅಂಚು
ಸುಟ್ಟ ಹಾಗೆ ಒಣಗುತ್ತಾ?

ಹಾಗಾದ್ರೆ ಇದನ್ನ ನೋಡಿ.
ಹೆಸರು ಸೆಸುವಿಯಂ.
ನಮ್ಮ ಕರಾವಳಿಯದ್ದೇ ಗಿಡ.
ಕಡಲ ದಂಡೆಯ ಮರಳಲ್ಲಿ,
ಅಳಿವೆಯ ಅಂಚಲ್ಲಿ
ತಾನಾಗೇ ಹಬ್ಬುತ್ತೆ.
ದಪ್ಪ ಎಲೆ, ಕೆಂಪು ಕಾಂಡ,
ಪುಟ್ಟ ಗುಲಾಬಿ ಬಣ್ಣದ ಹೂ.
ಎಷ್ಟು ಚೆಂದ ಅಲ್ವಾ!

ಉಪ್ಪು ಇದನ್ನ ಯಾಕೆ ಕೊಲ್ಲಲ್ಲ?
ನಾವು ಉಪ್ಪನ್ನ ಭರಣಿಗೆ ಹಾಕಿ
ಮುಚ್ಚಿಡ್ತೀವಲ್ಲ, ಇದೂ ಹಾಗೇ.
ಬೇರು ಹೀರಿದ ಉಪ್ಪನ್ನ
ಎಲೆಯ ಜೀವಕೋಶದೊಳಗೆ
ಒಂದು ಕಡೆ ಕೂಡಿಡುತ್ತೆ.
ಉಳಿದ ಭಾಗಕ್ಕೆ ತಾಗೋಕೆ ಬಿಡಲ್ಲ.
ಎಲೆ ರುಚಿ ಉಪ್ಪುಪ್ಪಾಗಿರೋದು ಅದಕ್ಕೇ.

ನೆಡೋದು ಬಲು ಸುಲಭ.
ಗೇಣುದ್ದದ ಕಾಂಡ ತಗೊಳ್ಳಿ.
ಕೆಳಗಿನ ಎಲೆ ಬಿಡಿಸಿ,
ಮರಳು ಬೆರೆತ ಮಣ್ಣಲ್ಲಿ ಊರಿ.
ಗಿಣ್ಣಿನಿಂದಲೇ ಬೇರು ಬರುತ್ತೆ.
ಬೇರು ಹಿಡಿಯೋವರೆಗೆ ಸಿಹಿನೀರು ಕೊಡಿ,
ಆಮೇಲೆ ಉಪ್ಪು ಬಾವಿನೀರಿಗೂ ಜಗ್ಗಲ್ಲ.
ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು.
ಕುಂಡದಲ್ಲಿ ನೆಟ್ರೆ ತಳದಲ್ಲಿ ತೂತು ಇರಲಿ,
ಇಲ್ದಿದ್ರೆ ನೀರು ನಿಂತುಬಿಡುತ್ತೆ.

ಒಂದು ವಿನಂತಿ.
ಕಡಲ ದಂಡೆಯಿಂದ ಬೇರುಸಮೇತ ಕೀಳಬೇಡಿ.
ಅಲ್ಲಿ ಮರಳು ಜಾರದಂತೆ ಹಿಡಿಯೋದು
ಇಂಥ ಗಿಡಗಳೇ.
ಬೆಳೆಸಿದವರ ಹತ್ರ
ಒಂದು ತುಂಡು ಕಾಂಡ ಕೇಳಿ, ಸಾಕು.