ಕಿಡಿಗೆ ಮುನ್ನ ತೈಲ

ಎಂಜಿನ್ನೊಂದನ್ನು ಆಮೂಲಾಗ್ರವಾಗಿ ಬಿಚ್ಚಿ, ತೊಳೆದು, ಹೊಸ ಭಾಗಗಳನ್ನು ಕೂಡಿಸಿ ಮುಗಿಸಿದವನಿಗೆ ಅದರ ನಾದವನ್ನು ಒಡನೆಯೇ ಕೇಳಬೇಕೆಂಬ ಆತುರ ಹುಟ್ಟುವುದು ಸಹಜವಾದರೂ, ಅಮೆರಿಕದ ಹಳೆಯ ವಿ-8 ಎಂಜಿನ್ನುಗಳ ಪುನರುದ್ಧಾರದಲ್ಲಿ ಪಳಗಿದ ಕುಶಲಿಗಳು ಆ ಮುಹೂರ್ತವನ್ನು ಬೇಕೆಂದೇ ಮುಂದಕ್ಕೆ ಹಾಕುತ್ತಾರೆ.

ಕಾರಣವಿರುವುದು ಹೈಡ್ರಾಲಿಕ್ ಲಿಫ್ಟರಿನ ಒಡಲಿನಲ್ಲಿ. ಮುಕ್ಕಾಲು ಅಂಗುಲಕ್ಕಿಂತ ತುಸು ಮಿಗಿಲಾದ ವ್ಯಾಸದ ಆ ಲೋಹದ ಕೊಳವೆಯೊಳಗೆ ಪ್ಲಂಜರ್, ಅದರಡಿಯಲ್ಲಿ ಸ್ಪ್ರಿಂಗ್, ಒಳಬಂದ ತೈಲವು ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವ್, ಇಷ್ಟೇ ಇರುವುದು. ಬಂಧಿತವಾದ ತೈಲ ಕುಗ್ಗದಾದುದರಿಂದ, ಕ್ಯಾಮಿನಿಂದ ವಾಲ್ವಿನವರೆಗೆ ಎಲ್ಲಿಯೂ ಸಂದು ಉಳಿಯದು. 1930ರ ಕ್ಯಾಡಿಲಾಕ್ ವಿ-16 ಎಂಜಿನ್ ಮೌನವಾಗಿ ಓಡಿದ್ದೂ ಇಂತಹ ಹೈಡ್ರಾಲಿಕ್ ಉಪಾಯದಿಂದಲೇ. ನಮ್ಮ ಬುಲೆಟ್ ಮೋಟಾರುಸೈಕಲ್ಲಿನಲ್ಲಿ ಹಿಂದೆ ಇದ್ದ ಯುಸಿಇ ಎಂಜಿನ್ನಿಗೆ ಟ್ಯಾಪೆಟ್ ಸೆಟ್ಟಿಂಗಿನ ಗೋಜಿಲ್ಲದಿದ್ದುದೂ ಇದೇ ತತ್ತ್ವದ ಫಲ. ತೈಲದ ಸ್ಥಾನವನ್ನು ಗಾಳಿ ಆಕ್ರಮಿಸಿದರೆ ಮಾತ್ರ ಪ್ಲಂಜರ್ ಕುಸಿದು, ಸದ್ದೆದ್ದು, ಸವಕಳಿ ಆರಂಭವಾಗುತ್ತದೆ.

ಲಿಫ್ಟರುಗಳನ್ನು ರಾತ್ರಿಯೆಲ್ಲ ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿಡುವ ವಾಡಿಕೆಯುಂಟು. ಅದರಿಂದ ಕೇಡಿಲ್ಲ, ಆದರೆ ಅದೊಂದರಿಂದಲೇ ಕಾರ್ಯ ಮುಗಿಯಿತೆಂಬ ಭಾವನೆಯನ್ನು ನಾನು ಒಪ್ಪಲಾರೆ. ಪ್ಲಂಜರನ್ನು ಒತ್ತೊತ್ತಿ ಬಿಗಿಯಾಗಿ ತುಂಬಿಸುವುದಂತೂ ಅತಿಯಾಯಿತು. ರಾಕರಿನ ಹೊಂದಾಣಿಕೆ ತಪ್ಪಿ ವಾಲ್ವು ಮುಚ್ಚದೆ ನಿಂತೀತು.

ಎಂಜಿನ್ನಿನ ಪಂಪಿನಿಂದಲೇ ತೈಲವನ್ನು ಊಡಿಸುವುದು ಉತ್ತಮ ಮಾರ್ಗ. 1955ರಲ್ಲಿ 265 ಘನ ಅಂಗುಲದ ಗಾತ್ರದಲ್ಲಿ ಬಂದ ಶೆವ್ರೊಲೆಯ ಸಣ್ಣ ವಿ-8ರಲ್ಲಿ ತೈಲದ ಪಂಪನ್ನು ತಿರುಗಿಸುವುದು ಹಿಂಬದಿಯ ಡಿಸ್ಟ್ರಿಬ್ಯೂಟರಿನ ದಂಡವಾದ್ದರಿಂದ, ಡಿಸ್ಟ್ರಿಬ್ಯೂಟರನ್ನು ತೆಗೆದು, ಆ ರಂಧ್ರದಲ್ಲಿ ಸಲಾಕೆಯನ್ನಿಳಿಸಿ ಡ್ರಿಲ್ಲಿನಿಂದ ಪ್ರದಕ್ಷಿಣವಾಗಿ ತಿರುಗಿಸುತ್ತಾರೆ. ಡಿಸ್ಟ್ರಿಬ್ಯೂಟರಿನ ಮೈಯೇ ತೈಲನಾಳದ ಒಂದು ಗೋಡೆಯಾಗಿರುವ ಕಾರಣ, ಆ ಸಂದನ್ನು ಮುಚ್ಚುವ ಬಳೆಯಿಲ್ಲದ ಬರಿಯ ಸಲಾಕೆಯನ್ನು ಬಳಸಿದರೆ ಎಣ್ಣೆ ಅಲ್ಲಿಯೇ ಸೋರಿಹೋಗುತ್ತದೆ. ಅವಸರಗಾರರು ಎಡವುವುದು ಇಲ್ಲಿಯೇ. ಎಣ್ಣೆ ನಾಳಗಳನ್ನು ತುಂಬಿದೊಡನೆ ಡ್ರಿಲ್ಲು ಕೈಗೆ ಭಾರವಾಗುತ್ತದೆ, ಮಾಪಕದ ಮುಳ್ಳು ಮೇಲೇರುತ್ತದೆ. ಆಗ ಇನ್ನೊಬ್ಬರು ಕ್ರ್ಯಾಂಕನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸುತ್ತಿರಲು, ಟೊಳ್ಳು ಪುಷ್‌ರಾಡುಗಳ ಮೂಲಕ ಹದಿನಾರು ರಾಕರುಗಳಲ್ಲಿಯೂ ಎಣ್ಣೆ ಒಸರುವ ತನಕ ಕಾಯತಕ್ಕದ್ದು.

ಇಷ್ಟಾದರೂ ಚಪ್ಪಟೆ ತಳದ ಲಿಫ್ಟರು ಕ್ಯಾಮಿನ ಉಬ್ಬನ್ನು ಉಜ್ಜುವ ತಾಣಕ್ಕೆ ತೈಲ ಒದಗುವುದು ಮುಖ್ಯವಾಗಿ ಕ್ರ್ಯಾಂಕಿನ ಎರಚಾಟದಿಂದ. ಆದಕಾರಣವೇ ಅಲ್ಲಿ ಮೊದಲೇ ಮಾಲಿಬ್ಡಿನಮ್ ಲೇಪವನ್ನು ಹಚ್ಚಿ, ಎಂಜಿನ್ ಹೊತ್ತಿಕೊಂಡ ಕೂಡಲೇ ವೇಗವನ್ನು ನಿಮಿಷಕ್ಕೆ ಸುಮಾರು 2000 ಸುತ್ತಿಗೇರಿಸಿ, ಇಪ್ಪತ್ತು ನಿಮಿಷಗಳ ಕಾಲ ಇಳಿಯಗೊಡದೆ ನಡೆಸುತ್ತಾರೆ. ಆ ನಡುವೆ ಒಂದೆರಡು ಲಿಫ್ಟರುಗಳು ಟಕಟಕಿಸಿದರೆ ಗಾಬರಿ ಬೇಡ, ಉಳಿದ ಗಾಳಿ ಹೊರಬೀಳುತ್ತಿರಬಹುದು. ಎಂಜಿನ್ ಕಾದ ಮೇಲೂ ಸದ್ದಡಗದಿದ್ದರೆ ರಾಕರಿನ ಮುಚ್ಚಳವನ್ನು ತೆಗೆದು ಹೊಂದಾಣಿಕೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.