ಹತ್ತು ಮಕ್ಕಳ ಲೆಕ್ಕ: ಉತ್ತರದಂಚಿನ ಸಾರ್ವಜನಿಕ ಶಾಲೆ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಸೀಮೆ ಪಶ್ಚಿಮ ರೈಲುಮಾರ್ಗದಲ್ಲಿ ಕೊನೆಗೊಳ್ಳುವುದು ದಹಿಸರಿನಲ್ಲಿ. ಚರ್ಚ್‌ಗೇಟಿನಿಂದ ಸುಮಾರು 36 ಕಿಲೋಮೀಟರ್ ಉತ್ತರಕ್ಕಿರುವ ಈ ಉಪನಗರದ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಪಶ್ಚಿಮಕ್ಕೆ ಮನೋರಿ ಖಾರಿಯತ್ತ ಹಬ್ಬಿದ ಕಾಂಡ್ಲಾ ಪೊದೆಗಳು, ಉತ್ತರಕ್ಕೆ ಚೆಕ್‌ನಾಕಾ ದಾಟಿದೊಡನೆ ಠಾಣೆ ಜಿಲ್ಲೆ ಇದ್ದು, ಪಾಲಿಕೆಯ ಕಡತಗಳಲ್ಲಿ ಇದು ‘ಆರ್ ಉತ್ತರ’ ವಿಭಾಗವೆನಿಸಿದೆ. ಇಂದು ಇಲ್ಲಿ ಎರಡು ಮೆಟ್ರೊ ಮಾರ್ಗಗಳು ಕೂಡುತ್ತವೆ. ಆದರೆ 1950ರಲ್ಲಿ ಪಾಲಿಕೆ ಮೊದಲ ಬಾರಿಗೆ ಉಪನಗರಗಳತ್ತ ಚಾಚಿಕೊಂಡು ಜೋಗೇಶ್ವರಿಯವರೆಗೆ ಬಂದಾಗಲೂ ದಹಿಸರ್ ಅದರ ಹೊರಗೇ ಉಳಿದಿತ್ತು. 1957ರ ಫೆಬ್ರವರಿ 1ರಂದು ಗಡಿ ಮತ್ತೊಮ್ಮೆ ಬೆಳೆದಾಗಲಷ್ಟೇ, ಗದ್ದೆ, ನದಿ, ಕಾಡುಗಳ ನಡುವೆ ಚದುರಿದ್ದ ಇಲ್ಲಿನ ಹಳ್ಳಿಗಳು ಮಹಾನಗರದ ಪಾಲಾದವು. ಅವುಗಳ ಜೊತೆಗೆ ಅಲ್ಲಿನ ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆಯೂ ಪಾಲಿಕೆಯ ಹೆಗಲೇರಿತು.

ಈ ಹೊಣೆಗೆ ಕಾನೂನಿನ ಬೇರಿದೆ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯು ಪ್ರಾಥಮಿಕ ಶಿಕ್ಷಣದ ಶಾಲೆಗಳನ್ನು ನಡೆಸುವುದು, ಅವುಗಳಿಗೆ ನೆರವೀಯುವುದು ಮತ್ತು ತಕ್ಕ ಸ್ಥಳ ಒದಗಿಸುವುದನ್ನು ಕಡ್ಡಾಯ ಕರ್ತವ್ಯಗಳ ಸಾಲಿನಲ್ಲಿ, ಎಂದರೆ ನೀರು, ಚರಂಡಿ, ದೀಪಗಳ ಸಾಲಿನಲ್ಲಿಯೇ ಇರಿಸಿದೆ. ಭಾರತದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರು ಬಹುಕಾಲ ದುಬಾರಿ ಶುಲ್ಕದ ಖಾಸಗಿ ಶಾಲೆಗಳಿಗೆ ಅಂಟಿಕೊಂಡಿದ್ದರೂ, ಪದದ ಮೂಲ ಅರ್ಥದಲ್ಲಿ ಸಾರ್ವಜನಿಕ ಹಣದಿಂದ ನಡೆಯುತ್ತ, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯೇ ಸಾರ್ವಜನಿಕ ಶಾಲೆ. ಆ ಅರ್ಥದಲ್ಲಿ ಮುಂಬಯಿ ಕನ್ನಡಿಗರು ‘ಮುನ್ಸಿಪಾಲಿಟಿ ಶಾಲೆ’ ಎಂದು ಕರೆಯುತ್ತ ಬಂದ ಸಂಸ್ಥೆಗೆ ಈ ಹೆಸರು ಸಲ್ಲಬೇಕು. 2020ರ ನಂತರ ಪಾಲಿಕೆ ತನ್ನ ಶಾಲೆಗಳಿಗೆ ‘ಮುಂಬಯಿ ಪಬ್ಲಿಕ್ ಸ್ಕೂಲ್’ ಎಂದು ಹೆಸರಿಡತೊಡಗಿದ್ದು ಆ ದೃಷ್ಟಿಯಿಂದ ಉಚಿತವಾಗಿಯೇ ಇದೆ. ಇಲ್ಲಿ ಶುಲ್ಕವಿಲ್ಲ, ಮಧ್ಯಾಹ್ನದ ಊಟದ ಜೊತೆಗೆ ಸಮವಸ್ತ್ರ, ಬೂಟು, ಚೀಲ, ನೋಟುಪುಸ್ತಕ ಮೊದಲಾಗಿ 27 ವಸ್ತುಗಳನ್ನು ಉಚಿತವಾಗಿ ಕೊಡುವ ಯೋಜನೆ ಪಾಲಿಕೆಯದು. ಇದೆಲ್ಲಕ್ಕಿಂತ ಅಪರೂಪದ ಸಂಗತಿಯೆಂದರೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಒಂದೇ ಸ್ಥಳೀಯ ಸಂಸ್ಥೆ ಶಾಲೆಗಳನ್ನು ನಡೆಸುತ್ತ ಬಂದಿರುವುದು. ‘ಮಾಧ್ಯಮ’ವೆಂದರೆ ಪಠ್ಯವಿಷಯಗಳನ್ನೆಲ್ಲ ಬೋಧಿಸುವ ಭಾಷೆ, ಒಂದು ವಿಷಯವಾಗಿ ಮಾತ್ರ ಕಲಿಯುವ ಭಾಷೆಗೂ ಇದಕ್ಕೂ ಇರುವ ಅಂತರ ದೊಡ್ಡದು.

ಸಾರ್ವಜನಿಕ ಶಾಲೆಗೆ ಅತಿ ಕಠಿಣ ಪರೀಕ್ಷೆ ಎದುರಾಗುವುದು ಜನ ವಿರಳವಾಗಿರುವ ಕಡೆಯಲ್ಲಿ. ದಹಿಸರಿನಂಥ ಕಿಕ್ಕಿರಿದ ಊರನ್ನು ವಿರಳವೆನ್ನುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ, ಭಾಷೆಯ ಕಣ್ಣಿನಿಂದ ನೋಡಿದಾಗ ಅದು ನಿಜವೇ. ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆಂದು ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದವರು, ಕಟ್ಟಡ ಮತ್ತು ರಸ್ತೆ ಕೆಲಸಕ್ಕೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಒಂದೇ ಕೇರಿಯಲ್ಲಿ ನೆಲಸದೆ ಚಾಳು, ಸೊಸೈಟಿ, ಜೋಪಡಿಗಳಲ್ಲಿ ಹಂಚಿಹೋಗಿರುವುದರಿಂದ, ಒಂದು ಶಾಲೆಯ ನಡಿಗೆಯ ದೂರದೊಳಗೆ ಕನ್ನಡ ಓದಬೇಕಾದ ಮಕ್ಕಳು ಬೆರಳೆಣಿಕೆಯಷ್ಟೇ ಸಿಗುತ್ತಾರೆ. ಕನ್ನಡ ಶಾಲೆಗಳಿಗೆ ಹೆಸರಾದ ಫೋರ್ಟ್, ವಡಾಲಗಳಂಥ ಹಳೆಯ ನೆಲೆಗಳು ಆರು ವರ್ಷದ ಮಗು ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರಬಹುದಾದ ದೂರದಲ್ಲಿಲ್ಲ. ಜನಸಾಂದ್ರತೆಯ ನಕ್ಷೆಯಲ್ಲಿ ಕಡುಗಪ್ಪಾಗಿ ಕಾಣುವ ಇದೇ ಜಾಗ ಕನ್ನಡ ಮಗುವಿನ ಮಟ್ಟಿಗೆ ದೂರದೂರ ಒಂದೊಂದು ಮನೆಯಿರುವ ಬಯಲಿನಂತಿದೆ.

ಈ ತೊಡಕನ್ನು ಗಣರಾಜ್ಯವು ತನ್ನ ಆರಂಭದಲ್ಲೇ ಗುರುತಿಸಿತ್ತೆಂಬುದು ಇಂದು ಮರೆತುಹೋಗಿದೆ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಒಂದು ಭಾಷೆಯನ್ನಾಡುವ 40 ಮಕ್ಕಳು ಇಡೀ ಶಾಲೆಯಲ್ಲಿ ಅಥವಾ 10 ಮಕ್ಕಳು ಒಂದು ತರಗತಿಯಲ್ಲಿ ಇದ್ದರೆ, ಅವರ ಮಾತೃಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕನನ್ನು ನೇಮಿಸಬೇಕೆಂದು ಗೊತ್ತುಪಡಿಸಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೆ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕಾದವರಲ್ಲಿ ರಾಜ್ಯವನ್ನಷ್ಟೇ ಅಲ್ಲದೆ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವನ್ನೂ ಹೆಸರಿಸಿತು. ‘ಸ್ಥಳೀಯ ಪ್ರಾಧಿಕಾರ’ವೆಂದರೆ ನಗರಪಾಲಿಕೆ, ಜಿಲ್ಲಾ ಪರಿಷತ್ತು ಮುಂತಾದವು, ಆದುದರಿಂದ ದಹಿಸರಿನ ಕನ್ನಡ ಮಗುವಿನ ಪಾಠದ ಪ್ರಶ್ನೆ ನೇರವಾಗಿ ಪಾಲಿಕೆಗೆ ಬಂದು ಮುಟ್ಟುತ್ತದೆ.

ಹತ್ತು ಎಂಬ ಈ ಸಂಖ್ಯೆ ಭೂಮಿಯ ಇನ್ನೊಂದು ಉತ್ತರದಂಚಿನಲ್ಲೂ ಕಾಣಿಸಿಕೊಂಡಿದೆ. ಹದಿನೇಳು ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡ ಅಮೆರಿಕದ ಅಲಾಸ್ಕಾ ರಾಜ್ಯದ ಜನಸಂಖ್ಯೆ 2020ರ ಗಣತಿಯಂತೆ ಏಳೂವರೆ ಲಕ್ಷವನ್ನೂ ಮುಟ್ಟಲಿಲ್ಲ. ಅಲ್ಲಿನ ಅನೇಕ ಹಳ್ಳಿಗಳಿಗೆ ರಸ್ತೆಯೇ ಇಲ್ಲದೆ ಸಣ್ಣ ವಿಮಾನ, ದೋಣಿಗಳೇ ಗತಿ. ಹಳ್ಳಿಗಳಲ್ಲಿ ಪ್ರೌಢಶಾಲೆ ಇಲ್ಲದಿದ್ದುದರಿಂದ ಮೂಲನಿವಾಸಿಗಳ ಮಕ್ಕಳು ಮನೆ, ಭಾಷೆ ಎರಡನ್ನೂ ತೊರೆದು ದೂರದ ವಸತಿಶಾಲೆಗಳಿಗೆ, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಆಚೆಯ ಆರೆಗನ್‌ಗೆ ಹೋಗಬೇಕಾಗುತ್ತಿತ್ತು. ಎಮೊನಾಕ್ ಹಳ್ಳಿಯ ಮಾಲಿ ಹೂಚ್ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆ 1976ರಲ್ಲಿ ರಾಜಿ ತೀರ್ಪಿನಲ್ಲಿ ಮುಗಿದಾಗ, ಸ್ಥಳೀಯರು ಬೇಡವೆನ್ನದ ಹೊರತು 126 ಹಳ್ಳಿಗಳಲ್ಲಿ ಪ್ರೌಢಶಿಕ್ಷಣ ಒದಗಿಸಲು ರಾಜ್ಯ ಒಪ್ಪಿಕೊಂಡಿತು. ಮಗು ಶಾಲೆಯನ್ನು ಹುಡುಕಿಕೊಂಡು ಹೋಗುವ ಬದಲು ಶಾಲೆಯೇ ಮಗುವಿದ್ದಲ್ಲಿಗೆ ಹೋಗಬೇಕೆಂಬ ತತ್ವವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಒಪ್ಪಿದ ಉದಾಹರಣೆಗಳು ವಿರಳ. ಮುಂದೆ ಅದೇ ರಾಜ್ಯ, 10ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಪ್ರತ್ಯೇಕ ಶಾಲೆಯೆಂಬ ಲೆಕ್ಕದಲ್ಲಿ ಅನುದಾನವಿಲ್ಲವೆಂಬ ನಿಯಮ ತಂದಿತು. ಮಹಾರಾಷ್ಟ್ರವೂ 2017ರಲ್ಲಿ 10ಕ್ಕಿಂತ ಕಡಿಮೆ ಮಕ್ಕಳಿದ್ದ 1,300ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿ ನೆರೆಯ ಶಾಲೆಗಳಿಗೆ ಸೇರಿಸಲು ಮುಂದಾಯಿತು. 1949ರ ಸಮ್ಮೇಳನಕ್ಕೆ ಶಿಕ್ಷಕನನ್ನು ಕೊಡಲು ಕಾರಣವಾಗಿದ್ದ ಹತ್ತು, ಇಲ್ಲಿ ಬಾಗಿಲು ಹಾಕಲು ಕಾರಣವಾಯಿತು. ಇಂಥ ವಿಲೀನದಿಂದ ಉಳಿಯುವ ವೆಚ್ಚವು ನಿಜವಾಗಿ ಉಳಿಯದೆ, ಖಜಾನೆಯಿಂದ ಇಳಿದು ಮಗುವಿನ ಕಾಲುಗಳ ಮೇಲೂ ತಾಯಿಯ ದಿನಗೂಲಿಯ ಮೇಲೂ ಕೂರುತ್ತದೆ.

ಕೆಲವೇ ಮಕ್ಕಳಿರುವ ಶಾಲೆ ಚೆನ್ನಾಗಿ ನಡೆಯಲಾರದೆಂಬ ಆಕ್ಷೇಪಕ್ಕೆ ಕರ್ನಾಟಕದಲ್ಲೇ ಉತ್ತರ ದೊರೆತಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಡಂಚಿನ ಶಾಲೆಗಳಲ್ಲಿ ರೂಪುಗೊಂಡ ‘ನಲಿ-ಕಲಿ’ ಪದ್ಧತಿಯು, ಒಬ್ಬನೇ ಶಿಕ್ಷಕ ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ಬಹುವರ್ಗ ಬೋಧನೆಯನ್ನು ಕೊರತೆಯೆಂದು ಎಣಿಸದೆ ಒಂದು ಕಸುಬಾಗಿ ಬೆಳೆಸಿತು. ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದ ಈ ಕ್ರಮದಲ್ಲಿ ಪಾಠವು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿದ್ದು, ಅವುಗಳನ್ನು ‘ಕಲಿಕಾ ಏಣಿ’ಯ ಮೆಟ್ಟಿಲುಗಳಂತೆ ಜೋಡಿಸಿರುತ್ತದೆ, ಮಗು ತನ್ನ ವೇಗದಲ್ಲಿ ಏರುತ್ತದೆ, ಗೈರುಹಾಜರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹಂಗಾಮಿಗೊಮ್ಮೆ ಊರಿಗೆ ಹೋಗಿಬರುವ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಇದಕ್ಕಿಂತ ಹೊಂದುವ ಕ್ರಮವನ್ನು ಊಹಿಸುವುದು ಕಷ್ಟ.

ಪುಸ್ತಕದ ಕೊರತೆಯೂ ಇಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ ಕನ್ನಡದಲ್ಲೂ ಪಠ್ಯಗಳನ್ನು ಮುದ್ರಿಸುತ್ತದೆ. ಜತ್ತ, ಅಕ್ಕಲಕೋಟೆಗಳ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಮಕ್ಕಳೂ ಮುಂಬಯಿಯ ಮಕ್ಕಳೂ ಓದುವುದು ಅವನ್ನೇ. 2020ರ ಕಾಯ್ದೆಯಂತೆ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾಗಿರುವುದರಿಂದ ಕನ್ನಡ ಮಾಧ್ಯಮದ ಮಗು ನೆಲದ ಭಾಷೆಯಿಂದ ದೂರವಾಗುವುದೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ವರ್ಗಾವಣೆ ಪತ್ರ ತಡವಾಯಿತೆಂಬ ನೆಪದಿಂದ ಪ್ರವೇಶವನ್ನು ನಿರಾಕರಿಸಕೂಡದೆಂದು ಹೇಳುವುದರ ಜೊತೆಗೆ, ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಲಿ ಎನ್ನುತ್ತದೆ. ದಹಿಸರಿನ ಪೂರ್ವದ ಕಾಡಿನ ಪಾಡಾಗಳಲ್ಲಿ, ಎಂದರೆ ಆದಿವಾಸಿಗಳ ಸಣ್ಣ ಬೀಡುಗಳಲ್ಲಿ ಬದುಕುವ ವಾರ್ಲಿ ಮಕ್ಕಳಿಗೆ ಈ ಮಾತು ಕನ್ನಡದ ಮಕ್ಕಳಿಗಿಂತಲೂ ಹೆಚ್ಚು ಅಗತ್ಯವಾಗಿದೆ, ಏಕೆಂದರೆ ಅವರ ಮನೆಮಾತಿನಲ್ಲಿ ಅಂಥ ಪಠ್ಯಮಾಲೆಯೇ ಇಲ್ಲ.

ಹಾಗಾದರೆ ಹತ್ತು ಮಕ್ಕಳು ಕೂಡಿಬರದಿರುವುದೇಕೆ? ಇಂಗ್ಲಿಷಿನ ಸೆಳೆತ ಒಂದು ಕಾರಣ. ಅದು ಪಾಲಕರ ನ್ಯಾಯವಾದ ಆಸೆಯಾದುದರಿಂದ ಅದನ್ನು ದೂರುವಂತಿಲ್ಲ. ಇನ್ನೊಂದು ಕಾರಣ ಎಣಿಕೆಯದು. ಮಹಾರಾಷ್ಟ್ರದ ಶಾಲೆಗಳ ಜನರಲ್ ರಿಜಿಸ್ಟರಿನಲ್ಲಿ, ಎಂದರೆ ಪ್ರವೇಶದ ಮೂಲ ದಾಖಲೆ ಪುಸ್ತಕದಲ್ಲಿ, ಮಾತೃಭಾಷೆಗೆಂದೇ ಒಂದು ಅಂಕಣವಿದೆ. ದಹಿಸರಿನ ‘ಕನ್ನಡಿಗ’ರಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಲಂಬಾಣಿಯಾಗಿದ್ದು, ಕನ್ನಡ ಅವರ ಓದು-ಬರಹದ ಭಾಷೆ. ಅವರು ಸತ್ಯವನ್ನೇ ಬರೆಸಿದಾಗ ಕನ್ನಡ ಕಲಿಯಬಲ್ಲ ಮಗು ಕನ್ನಡದ ಲೆಕ್ಕದಿಂದ ಹೊರಗುಳಿಯುತ್ತದೆ. ಪ್ರತಿ ಶಾಲೆಯೂ ತನ್ನ ಮಕ್ಕಳನ್ನಷ್ಟೇ ಎಣಿಸುವುದರಿಂದ ಒಂದು ಕಡೆಯ ನಾಲ್ವರು ಇನ್ನೊಂದು ಕಡೆಯ ಆರು ಮಂದಿಯೊಡನೆ ಕೂಡುವುದೇ ಇಲ್ಲ. ಭಾಷಾ ಅಲ್ಪಸಂಖ್ಯಾತರಿಗೆಂದು ಹಿಂದೆಯೇ ಒಪ್ಪಿಕೊಂಡ ಮುಂಗಡ ನೋಂದಣಿ ಮತ್ತು ಶಾಲೆ-ಶಾಲೆಗಳ ನಡುವಿನ ಹೊಂದಾಣಿಕೆ ಇದಕ್ಕಾಗಿಯೇ ಇವೆ. ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ‘ಆರ್ ಉತ್ತರ’ ವಿಭಾಗದ ಎಲ್ಲ ಶಾಲೆಗಳ ಆ ಅಂಕಣವನ್ನು ಒಂದೇ ಹಾಳೆಗೆ ಇಳಿಸಿ, ಪಾಲಕರು ಬಯಸುವ ಮಾಧ್ಯಮವನ್ನು ಅದರ ಪಕ್ಕದಲ್ಲೇ ಕೇಳಿ ಬರೆದುಕೊಳ್ಳಲು ಒಬ್ಬ ಗುಮಾಸ್ತನ ಕೆಲವು ದಿನಗಳ ಕೆಲಸ ಸಾಕು.